ಇಮಾಮ್ ಸಾಬರ ಮೂರು ಚೆಕ್ಕುಗಳು

ಹುಣಸೂರಿನ ಇಮಾಮ್ ಸಾಬರು ಉಣ್ಣುವಾಗಲೂ ಒಂದು ಮಂಡಿ ಎತ್ತಿಕೊಂಡೇ ಇರುತ್ತಿದ್ದರು, ಹೊರಗೆ ಯಾರೋ ಕರೆದಂತೆ. ಹರೆಯದಲ್ಲಿ ಎತ್ತಿನ ಗಾಡಿಯ ಚಕ್ರ ಕಟ್ಟುತ್ತಿದ್ದವರು. ಗಾಡಿಗಳು ಕಮ್ಮಿಯಾದ ಮೇಲೆ ಅದೇ ಶೆಡ್ಡಿನಲ್ಲಿ ಬಾಗಿಲು, ಕಿಟಕಿಯ ಚೌಕಟ್ಟು ಮಾಡತೊಡಗಿದರು. ಮರ ಬೇಕಾದರೆ ದಲ್ಲಾಳಿಯ ಹತ್ತಿರ ಹೋದವರಲ್ಲ. ಡಿಪೋ ಹರಾಜಿಗೆ ತಾವೇ ಹೋಗಿ, ದಿಮ್ಮಿ ತಟ್ಟಿ ನೋಡಿ, ತಾವೇ ಕೂಗುತ್ತಿದ್ದರು. ಕೆ.ಆರ್. ನಗರದಲ್ಲಿದ್ದ ಮಗಳು ನಿಶತ್‌ಗೆ ಹಬ್ಬದ ದುಡ್ಡನ್ನು ಮನಿಯಾರ್ಡರ್ ಮಾಡಿ ಎಂದರೆ ಕೇಳದೆ ಬಸ್ಸು ಹತ್ತುತ್ತಿದ್ದರು. ಬಸ್ ಚಾರ್ಜೇ ಹೆಚ್ಚಾಯಿತಲ್ಲ ಎಂದರೆ, "ಬಸ್ಸು ನನ್ನ ಹೊತ್ಕಂಡು ಹೋಯ್ತದೆ, ಅದ್ಕೆ ಕೊಡ್ತೀನಿ. ನನ್ ದುಡ್ಡ ನನ್ ಮಗ್ಳಿಗೆ ಕೊಡೋಕೆ ನಡುವೆ ಇನ್ನೊಬ್ಬನಿಗ್ಯಾಕೆ ಕೊಡ್ಲಿ?" ಎನ್ನುತ್ತಿದ್ದರು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಅವರಿಗೂ ಹೆಂಡತಿ ಅಜ್ಮತುನ್ನೀಸಾಗೂ ಹಜ್ ಯಾತ್ರೆಯ ಅವಕಾಶ ಬಂತು. ಮೇಲು ಖರ್ಚಿಗೆಂದು ಮಗ ಫೈಸಲ್ ಅವರನ್ನು ಮೈಸೂರಿನ ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗಿ ನೂರು ಡಾಲರಿನ ಮೂರು ಪ್ರವಾಸಿ ಚೆಕ್ಕು ಕೊಡಿಸಿದ. ಪ್ರತಿ ಚೆಕ್ಕಿಗೂ ಈಗೊಂದು ಸಹಿ, ಅಲ್ಲಿ ಹೋಗಿ ಮುರಿಸುವಾಗ ಇನ್ನೊಂದು ಸಹಿ. ಕಳೆದುಹೋದರೂ ದುಡ್ಡು ವಾಪಸ್ಸು ಬರುತ್ತದೆ ಎಂದು ಅವನ ಧೈರ್ಯ. ಗುಮಾಸ್ತೆ ರಶೀದಿಯಲ್ಲಿ ಕಮಿಷನ್ ಬರೆದಾಗ ಸಾಬರು ಪೆನ್ನು ಕೆಳಗಿಟ್ಟರು.

"ಇದ್ಯಾವ ನ್ಯಾಯಾನಮ್ಮ? ಇಲ್ಲಿ ಕೊಳ್ಳೋಕೂ ಕೊಡ್ಬೇಕು, ಅಲ್ಲಿ ಮುರ್ಸೋಕೂ ಕೊಡ್ಬೇಕಾ?"

"ಅಲ್ಲಿಯದು ನನಗೆ ಗೊತ್ತಿಲ್ಲ ಸಾಬ್ರೆ. ಅಂಗಡಿಗೊಂದು ಲೆಕ್ಕ ಇರುತ್ತೆ ಅಂತಾರೆ," ಎಂದಳು ಆಕೆ.

ಆ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತು. ಹಿಂದಿರುಗುವ ಬಸ್ಸಿನಲ್ಲಿ ಬಿಳಿಕೆರೆ ದಾಟುವವರೆಗೂ ಅವರು ಬೆರಳು ಮಡಿಸುತ್ತಲೇ ಇದ್ದರು.

ಮಕ್ಕಾದಲ್ಲಿ ಅವರಿಗೆ ಸಿಕ್ಕಿದ್ದು ಐದನೇ ಮಹಡಿಯಲ್ಲಿ ಎಂಟು ಜನರ ಕೋಣೆ. ಮನೆಯಲ್ಲಿ ಗಂಡ ಹೆಂಡತಿ ಆಡುತ್ತಿದ್ದದ್ದು ಉರ್ದು. ಇಲ್ಲಿ ಉರ್ದು ಎಲ್ಲರಿಗೂ ತಿಳಿಯುತ್ತಿತ್ತು, ಕನ್ನಡ ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ದುಡ್ಡಿನ ಮಾತು, ಜಗಳ ಎರಡೂ ಹುಣಸೂರಿನ ಕನ್ನಡದಲ್ಲೇ ನಡೆಯುತ್ತಿದ್ದವು. ಯಾತ್ರಾ ಸಮಿತಿಯವರು ಕೊಟ್ಟಿದ್ದ ರಿಯಾಲು ಅಡುಗೆಗೆ, ಹಣ್ಣಿಗೆ ಕರಗುತ್ತಿತ್ತು. ಕುರ್ಬಾನಿಯ ಕುರಿಗೆ ಚೆಕ್ಕು ಮುರಿಸಲೇಬೇಕಾಯಿತು. ಕಟ್ಟಡದ ಕೆಳಗಿನ ಅಂಗಡಿಯವನು ಒಂದೊಂದು ಚೆಕ್ಕಿಗೆ ಹದಿನೈದು ರಿಯಾಲು ಹಿಡಿಯುತ್ತೇನೆ ಎಂದ. ಮೂರಕ್ಕೆ ನಲವತ್ತೈದು. ಸಾಬರಿಗೆ ಅಂದು ಮಧ್ಯಾಹ್ನ ನಿದ್ದೆ ಬರಲಿಲ್ಲ.

ಸಂಜೆ ಅಸರ್ ನಮಾಜು ಮುಗಿಸಿ ಕಾಬಾದ ದೊಡ್ಡ ಮಸೀದಿ ಹರಮ್ ಶರೀಫಿನಿಂದ ಹೊರಬಂದಾಗ ಅಜ್ಮತುನ್ನೀಸಾಗೆ ಮಂಡಿ ನೋವು. ಸಾಬರು ಅವರನ್ನು ಒಂದು ಬಾಗಿಲಿನ ಮೆಟ್ಟಿಲ ಬಳಿ ಕೂರಿಸಿ, ಚಪ್ಪಲಿ ಚೀಲ ಕೈಗಿತ್ತರು.

"ಇಲ್ಲೇ ಕೂತಿರು. ಹತ್ತೇ ನಿಮ್ಷ, ಆ ಸಾಲಿನ ಅಂಗ್ಡಿ ಕೇಳ್ಕಂಡು ಬತ್ತೀನಿ."

"ನಾಳೆ ಕೇಳಿದ್ರಾಗಲ್ವಾ?"

"ನಾಳೆ ರೇಟು ಏನಾಯ್ತದೋ!"

ಮೊದಲ ಅಂಗಡಿಯವನು ಪಾಸ್‌ಪೋರ್ಟ್ ಕೇಳಿದ. ಪಾಸ್‌ಪೋರ್ಟು ಯಾತ್ರಿಗಳನ್ನು ನೋಡಿಕೊಳ್ಳುವ ಮುಅಲ್ಲಿಮರ ಕಚೇರಿಯಲ್ಲಿತ್ತು. ಎರಡನೆಯವನು ಹನ್ನೆರಡು ರಿಯಾಲು ಎಂದ. ಮೂರನೆಯವನು ಏನೂ ಹಿಡಿಯುವುದಿಲ್ಲ ಎಂದಾಗ ಸಾಬರ ಮುಖ ಅರಳಿತು. ಆದರೆ ಅವನು ಡಾಲರಿಗೆ ಕೊಡುತ್ತಿದ್ದ ದರವೇ ಹತ್ತು ಹಲಾಲ, ಅಂದರೆ ರಿಯಾಲಿನ ಹತ್ತರಲ್ಲೊಂದು ಪಾಲು ಕಮ್ಮಿ. ಮುನ್ನೂರು ಡಾಲರಿಗೆ ಮೂವತ್ತು ರಿಯಾಲು ಹಾಗೇ ಹೋಗುತ್ತಿತ್ತು. ಊರಿನಲ್ಲಿ ಒಬ್ಬ ಬಡಗಿಯ ಎರಡು ದಿನದ ಕೂಲಿ. ಇನ್ನೊಂದು ಅಂಗಡಿ, ಅದರಾಚೆಯ ಓಣಿಯಲ್ಲಿ ಮತ್ತೊಂದು. ಅಲ್ಲಿ ನಿಂತು ಲೆಕ್ಕ ಹಾಕುತ್ತಿದ್ದಾಗಲೇ ಹೊತ್ತು ಮುಳುಗಿ ಮಗ್ರಿಬ್‌ನ ಅಜಾನ್ ಕೂಗಿತು. ದಡದಡನೆ ಷಟರ್‌ಗಳು ಇಳಿದವು. ನೋಡುತ್ತಿದ್ದಂತೆ ರಸ್ತೆಯ ತುಂಬ ಜನ ಸಾಲಾಗಿ ನಿಂತರು. ಮುಂದೆ ಹೋಗಲು ದಾರಿಯಿಲ್ಲ, ಹಿಂದೆ ಬರಲೂ ಇಲ್ಲ. ಸಾಬರು ಅಲ್ಲೇ ಸಾಲಿಗೆ ಸೇರಿದರು. ಪಕ್ಕದವನು ಬಾಗಿದಾಗ ಬಾಗಿದರು, ಎದ್ದಾಗ ಎದ್ದರು. ಏನು ಓದಿದರೋ ದೇವರಿಗೇ ಗೊತ್ತು.

ಓಡೋಡಿ ಬಂದು ನೋಡಿದರೆ ಮೆಟ್ಟಿಲ ಬಳಿ ಯಾರೋ ಆಫ್ರಿಕಾದ ಹೆಂಗಸರು ಕೂತಿದ್ದರು. ಇದೇ ಬಾಗಿಲಾ? ಪಕ್ಕದ್ದಾ? ಎಲ್ಲ ಬಾಗಿಲೂ ಒಂದೇ ಥರ. ಒಂದನ್ನು ನೋಡಿ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ. ಕರಿ ಬುರ್ಖಾದ ಹೆಂಗಸರ ಮುಖ ನೋಡಲು ಹೋಗಿ ಒಬ್ಬನ ಕೈಲಿ ಬೈಸಿಕೊಂಡರು. "ಅಜ್ಮತ್!" ಎಂದು ಕೂಗಿದರೆ ಆ ಜನಸಾಗರದಲ್ಲಿ ಅವರ ದನಿ ಅವರಿಗೇ ಕೇಳಲಿಲ್ಲ. ಬೆವರು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದಾಗ ಗಟ್ಟಿಯಾದದ್ದೇನೋ ಸಿಕ್ಕಿತು. ಕಟ್ಟಡದ ವಿಳಾಸದ ಕಾರ್ಡು. ಒಂದಲ್ಲ, ಎರಡು. ಅಜ್ಮತ್ ಕಳೆದುಬಿಡುತ್ತಾಳೆಂದು ಅವಳದನ್ನೂ ಬೆಳಿಗ್ಗೆ ತಾವೇ ಇಸಿದುಕೊಂಡಿದ್ದರು.

ಅಲ್ಲಿಂದ ಮುಂದೆ ಎಷ್ಟು ಹೊತ್ತು, ಎಲ್ಲೆಲ್ಲಿ ತಿರುಗಿದರೆಂಬುದು ಅವರಿಗೆ ನೆನಪಿಲ್ಲ. ಒಬ್ಬ ಪೊಲೀಸನ ಮುಂದೆ ಕೈ ಮುಗಿದರು. ಅವನು ಅರಬ್ಬಿಯಲ್ಲಿ ಏನೋ ಹೇಳಿ ಒಂದು ಕಡೆಗೆ ಕೈ ತೋರಿದ. ಅತ್ತ ಹೋದರೆ ಕಕ್ಕಸಿನ ಸಾಲು. ರಾತ್ರಿಯ ಇಷಾ ನಮಾಜೂ ಮುಗಿಯಿತು. ಜೊತೆಯವರಿಗಾದರೂ ಹೇಳೋಣವೆಂದು ಕೊನೆಗೆ ಕಟ್ಟಡದ ಕಡೆ ಹೊರಟರು. ಲಿಫ್ಟಿಗೆ ಕಾಯಲಾರದೆ ಐದು ಮಹಡಿ ಹತ್ತಿದರು.

ಅಜ್ಮತುನ್ನೀಸಾ ಒಲೆಯ ಮುಂದೆ ನಿಂತು ಬೇಳೆ ತಿರುವುತ್ತಿದ್ದರು.

"ಎಲ್ಲೇ ಹೋಗಿದ್ದೆ?" ಸಾಬರು ಅಬ್ಬರಿಸಿದರು. "ಅಲ್ಲೇ ಕೂತಿರು ಅಂದಿದ್ನೋ ಇಲ್ವೋ?"

"ಕೂತಿದ್ದೆ. ಅಜಾನ್ ಆಗೋಗಂಟ ಕೂತಿದ್ದೆ. ಹೆಣ್ಮಕ್ಳು ಈ ಕಡೆ ಕೂರ್ಬಾರ್ದು ಅಂತ ಎಬ್ಬಿಸಿದ್ರು. ನಮಾಜ್ ಆದ್ಮೇಲೆ ನಿಮ್ಮನ್ನೇ ಹುಡುಕ್ಕಂಡು ಆ ದುಡ್ಡಿನ ಅಂಗ್ಡಿ ಬೀದಿಗೆ ಬಂದೆ."

ಅಲ್ಲಿ ನಡೆದದ್ದನ್ನು ಅವರು ಸೌಟು ಕೆಳಗಿಡದೆಯೇ ಹೇಳಿದರು. ಅವರ ತವರು ಎಚ್.ಡಿ. ಕೋಟೆಯ ಅಂತರಸಂತೆ. ಕಾಕನಕೋಟೆ ಕಾಡಿನ ಹಾದಿಯಲ್ಲಿ ಕೇರಳಕ್ಕೆ ಹೋಗಿಬರುವ ಲಾರಿಯವರಿಗೆ ಅವರಪ್ಪ ಚಹಾ ಮಾರುತ್ತಿದ್ದರು. ಆ ಲಾರಿಯವರ ಮಾತು ಕೇಳುತ್ತಲೇ ಬೆಳೆದವರು. ಹಾಗಾಗಿ ಒಂದು ಅಂಗಡಿಯೊಳಗೆ ಮಲಯಾಳ ಕಿವಿಗೆ ಬಿದ್ದಾಗ ಸೀದಾ ಒಳಗೆ ನುಗ್ಗಿದರು. ಅಂಗಡಿಯವನು ಅದೇ ಕಾಡುಹಾದಿಯ ಆಚೆ ತುದಿಯ ಮಾನಂದವಾಡಿಯವನು. ಅಂತರಸಂತೆ ಎಂದ ಕೂಡಲೇ ಕುರ್ಚಿ ಹಾಕಿ, ನೀರು ಕೊಟ್ಟ. ಕಟ್ಟಡದ ನಂಬರು ಅಜ್ಮತುನ್ನೀಸಾಗೆ ನೆನಪಿರಲಿಲ್ಲ. ಎದುರಿಗೆ ರೊಟ್ಟಿಯ ಭಟ್ಟಿ, ಪಕ್ಕದಲ್ಲಿ ಅರ್ಧ ಕಟ್ಟಿದ ಮಸೀದಿ ಎಂದರು. ಅವನಿಗೆ ಜಾಗ ತಿಳಿಯಿತು. ಆ ಓಣಿಯಲ್ಲೇ ಇಳಿದಿದ್ದ ವಯನಾಡಿನ ಹೆಂಗಸರ ಜೊತೆ ಮಾಡಿ ಕಳಿಸಿದ.

"ಚೆಕ್ಕಿನ ಮಾತೂ ಕೇಳ್ದೆ. ಒಂದಕ್ಕೆ ಐದು ರಿಯಾಲಂತೆ. ಪಾಸ್‌ಪೋರ್ಟ್ ಬದ್ಲು ಮುಅಲ್ಲಿಮರ ಚೀಟಿ ತಂದ್ರೆ ಸಾಕಂತೆ."

ಸಾಬರ ಬಾಯಿಂದ ತಟ್ಟನೆ "ಐದಾ? ರೇಟು?" ಎಂದು ಬಂದುಬಿಟ್ಟಿತು.

ಅಜ್ಮತುನ್ನೀಸಾ ಆಗ ಸೌಟು ಕೆಳಗಿಟ್ಟರು. "ಮೂವತ್ತು ರಿಯಾಲ್ ಉಳ್ಸೋಕೆ ನನ್ನ ಬೀದೀಲಿ ಕೂರಿಸಿ ಹೋದ್ರಿ. ಇಲ್ಲೇ ಸತ್ರೆ ನನ್ನ ಹೆಸ್ರು ಹೇಳೋರೂ ಇಲ್ಲ ಅನ್ನಿಸ್ತು." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡರು.

ಕೋಣೆಯ ಉಳಿದವರಿಗೆ ಮಾತು ತಿಳಿಯಲಿಲ್ಲ. ಸಾಬರು ಜೇಬಿನಿಂದ ಹೆಂಡತಿಯ ಕಾರ್ಡು ತೆಗೆದು ಒಲೆಯ ಪಕ್ಕ ಇಟ್ಟರು.

ಮರುದಿನ ಅಂಗಡಿಗೆ ಇಬ್ಬರೂ ಹೋದರು. ಎರಡು ಚೆಕ್ಕು ಸಾಕೆಂದು ತೀರ್ಮಾನಿಸಿದವರು ಅಜ್ಮತುನ್ನೀಸಾ. ಸಾಬರು ಇಲ್ಲಿ ಹಾಕಿದ ಸಹಿ ಬ್ಯಾಂಕಿನಲ್ಲಿ ಹಾಕಿದ್ದಕ್ಕೆ ಹೊಂದಲಿಲ್ಲ. ಅಂಗಡಿಯವನು ನಕ್ಕು, ಅದರ ಪಕ್ಕದಲ್ಲೇ ಇನ್ನೊಮ್ಮೆ ಹಾಕಿಸಿಕೊಂಡ. ಹತ್ತು ರಿಯಾಲು ಹಿಡಿದುಕೊಂಡಾಗ ಸಾಬರು ಬರೀ ಕೆಮ್ಮಿದರು. ಮುಂದೆ ಹಜ್‌ನ ದಿನಗಳಲ್ಲಿ, ಮಿನಾದ ಡೇರೆಗಳಲ್ಲಿ, ಅರಫಾತಿನ ಬಿಸಿಲಿನಲ್ಲಿ, ಹೆಂಡತಿ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜೂಗೆ ಹೋದರೂ ಸಾಬರು ದಾರಿ ನೋಡುತ್ತ ನಿಂತಿರುತ್ತಿದ್ದರು.

ಉಳಿದ ಒಂದು ಚೆಕ್ಕನ್ನು ಊರಿಗೆ ಬಂದ ಮೇಲೆ ಅದೇ ಬ್ಯಾಂಕಿಗೆ ವಾಪಸ್ಸು ಕೊಟ್ಟರು. ಅಲ್ಲಿ ಮತ್ತೆ ಹಿಡಿದುಕೊಂಡ ದುಡ್ಡಿಗೆ ಅರ್ಧ ಗಂಟೆ ಜಗಳವಾಡಿದರೆಂದು ಫೈಸಲ್ ಇಂದಿಗೂ ಹೇಳುತ್ತಾನೆ.

ಹಜ್ ಮುಗಿಸಿ ಬಂದವರನ್ನು ನೋಡಲು ಗಾವಡಗೆರೆಯಿಂದ ಕನಕರಾಜು ಬಂದಿದ್ದ. ತಂಬಾಕು ಬೆಳೆಗಾರ, ಅವನ ಹೊಸ ಮನೆಯ ಬಾಗಿಲೆಲ್ಲ ಸಾಬರ ಶೆಡ್ಡಿನದೇ. ಸಾಬರು ಅವನಿಗೆ ಅಂಗಡಿ ಅಂಗಡಿಯ ದರ ವಿವರಿಸುತ್ತಿದ್ದಾಗ, ಒಳಗಿನಿಂದ ಚಹಾ ತಂದ ಅಜ್ಮತುನ್ನೀಸಾ ಉಳಿದ ಕಥೆಯನ್ನೂ ಹೇಳಿಬಿಟ್ಟರು.

"ಅಯ್ಯೋ, ಆಗ ನಿಮ್ಗೆ ಎಂಗಾಗಿರ್ಬೇಕು ಸಾಬ್ರೆ?" ಎಂದ ಕನಕರಾಜು.

ಸಾಬರು ಲೋಟ ಕೆಳಗಿಟ್ಟರು. "ಎದೆ ಒಡ್ದೋಯ್ತು ಕಣಪ್ಪ," ಎಂದರು. "ಇವ್ಳು ಸಿಗ್ದಿದ್ರೆ ನಾನು ಊರಿಗೇ ಬತ್ತಿರ್ಲಿಲ್ಲ. ಅಲ್ಲೇ ಹುಡುಕ್ತಾ ಇದ್ಬುಡ್ತಿದ್ದೆ."

ಅಜ್ಮತುನ್ನೀಸಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. ಗಂಡನ ಬಾಯಿಂದ ಆ ಮಾತನ್ನು ಅವರು ಕೇಳಿದ್ದು ಅದೇ ಮೊದಲು.