ಕಾಕು ಬಳೆ ಒಡೆಸಿಕೊಂಡ ಸಿನಿಮಾ

ಚಳಿಗೆ ಒಡೆದ ಹಿಮ್ಮಡಿಗೆಂದು ಮೊನ್ನೆ ಗ್ಲಿಸರಿನ್ ಬಾಟಲಿ ತಂದೆ. ಆ ಅಂಟು ಬೆರಳಿಗೆ ತಾಗಿದ್ದೇ ತಡ, ಓಣಿಯವರೆಲ್ಲ ಕಾಕು ಎಂದು ಕರೆಯುತ್ತಿದ್ದ ಬಾಜೂ ಮನೆಯಾಕೆ ನೆನಪಾದರು...

ನಾನು ರಾಮದುರ್ಗಕ್ಕೆ ಸೊಸೆಯಾಗಿ ಬರುವ ಮೊದಲೇ ಅವರು ಒಂದು ಸಿನಿಮಾದಲ್ಲಿ ನಟಿಸಿದ್ದರು. ತೊರಗಲ್ ಕೋಟೆಯಲ್ಲಿ ಶೂಟಿಂಗ್. ಯುದ್ಧದಲ್ಲಿ ಸತ್ತ ಸೈನಿಕನ ಹೆಂಡತಿಯ ಪಾತ್ರ. ಕುಂಕುಮ ಅಳಿಸುತ್ತಾರೆ, ಬಳೆ ಒಡೆಯುತ್ತಾರೆ, ಅಷ್ಟೇ.

"ಕಣ್ಣಾಗ ಗ್ಲಿಸರಿನ್ ಬಿಟ್ರವಾ. ಎದುರಿಗೆ ನಿಮ್ಮ ಕಾಕಾ ಶೇಂಗಾ ತಿನಕೋತ ನಿಂತಿದ್ರು. ಅಳೂದೆಲ್ಲಿ, ನಗಿನ ತಡಿಯಾಕ ಆಗಲಿಲ್ಲ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳುತ್ತಿದ್ದರು.

ಅದಾದ ಎರಡೇ ದಿನಕ್ಕೆ ಲೈಟಿನವನೊಬ್ಬ ಕೋಟೆ ಗೋಡೆಯಿಂದ ಬಿದ್ದು ಸತ್ತ. ನಿರ್ಮಾಪಕ ಹಾಸಿಗೆ ಹಿಡಿದ. ಸಿನಿಮಾ ಅಲ್ಲಿಗೇ ನಿಂತಿತು. ಗಂಡ ಇರುವಾಗಲೇ ಬಳೆ ಒಡೆಸಿಕೊಂಡದ್ದಕ್ಕೆ ಶಾಪ ತಟ್ಟಿತೆಂದು ಓಣಿ ತೀರ್ಮಾನಿಸಿತು. ಶ್ರಾವಣ ಶುಕ್ರವಾರ ಮುತ್ತೈದೆಯರ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುವಾಗ ಕಾಕುವನ್ನು ಯಾರೂ ಕರೆಯದಾದರು.

ಮದುವೆಯಾದ ಮೇಲೆ ನನ್ನ ಮೊದಲ ಶ್ರಾವಣ. ಓಣಿಯವರನ್ನು ಕರೆದು ಬರಲು ಅತ್ತೆ ನನ್ನನ್ನೇ ಕಳಿಸಿದರು, ಆ ಮನೆಯೊಂದನ್ನು ಬಿಟ್ಟು.

"ಕಾಕಾ ಆರಾಮ ಅದಾರಲ್ರಿ, ಅತ್ತಿ?" ಎಂದೆ.

"ನಿನ್ನ ಕಾನ್ವೆಂಟಿನ ಶಾಣ್ಯಾತನ ಇಲ್ಲಿ ಬ್ಯಾಡ. ಹೊಟ್ಯಾಗ ಕೂಸು ಐತಿ, ಆ ಮನಿ ದಾಟಿ ಹೋಗು."

ದಾಟಿ ಹೋದೆ. ಕಾಕು ಬಾಗಿಲಲ್ಲೇ ನಿಂತಿದ್ದರು. ತಲೆ ಬಾಚಿ ಹೂ ಮುಡಿದಿದ್ದರು. ಹೊಸ ಸೀರೆಯ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ಎಲ್ಲಾರಿಗೂ ಹೇಳಿ ಬಂದಿಯೇನವಾ?"

"ಹೂಂ ರೀ" ಎಂದೆ. ನಿಲ್ಲಲಿಲ್ಲ.

ಮಗು ಹುಟ್ಟಿತು, ಬೆಳೆಯಿತು. ಅತ್ತೆಯೂ ತೀರಿಕೊಂಡರು. ಆಮೇಲೂ ನಾನು ಕಾಕುವನ್ನು ಕರೆಯಲಿಲ್ಲ. ಅದಕ್ಕೆ ಅತ್ತೆಯ ಹೆಸರು ಹೇಳುವಂತಿಲ್ಲ...

ಹೋದ ವರ್ಷ ಕಾಕು ಹೋದರು, ಕಾಕಾ ಇರುವಾಗಲೇ. ಮುತ್ತೈದೆ ಸಾವು, ಪುಣ್ಯವಂತಿ ಎನ್ನುತ್ತ ಅದೇ ಓಣಿಯ ಹೆಂಗಸರು ಉಡಿ ತುಂಬಲು ಸಾಲು ನಿಂತರು. ನಾನೂ ನಿಂತೆ. ನನ್ನ ಸರದಿ ಬಂದಾಗ ಹಿಡಿದ ಅಕ್ಕಿಯನ್ನು ಮತ್ತೆ ತಟ್ಟೆಗೇ ಬಿಟ್ಟೆ. ತಲೆಯ ಬಳಿ ಕೂತಿದ್ದ ಕಾಕಾ ಮೆಲ್ಲಗೆ ಅಂದರು: "ಹಾಕವಾ, ಹಾಕು. ಭಾಳ ವರ್ಷ ಕಾದಾಳ ಆಕಿ."

ಈ ಶ್ರಾವಣದಲ್ಲಿ ಕರೆಯಲು ಹೊರಟಾಗ ಅವರ ಬಾಗಿಲು ತೆರೆದೇ ಇತ್ತು. ಈಗ ಆ ಮನೆ ದಾಟಿ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಕರೆಯಲು ಅಲ್ಲಿ ಹೆಣ್ಣುಮಕ್ಕಳೇ ಇಲ್ಲ. ನಾನು ಮಾತ್ರ ಅಂದು ನಿಲ್ಲದೆ ಹೋದ ಆ ಬಾಗಿಲಲ್ಲೇ ನಿಂತುಬಿಟ್ಟೆ...