ತಮ್ಮನ ಹೆಗಲಚೀಲ

ನಮ್ಮ ದಹಿಸರದ ಖೋಲಿಯಲ್ಲಿ, ಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆಯಿದೆ. ಅದರಲ್ಲಿ ಹಲವು ವರ್ಷ ತೂಗುತ್ತಿದ್ದ ಖಾಕಿ ಚೀಲದ ವಿಷಯ ನಿಮಗೆ ಹೇಳಬೇಕೆನಿಸಿದೆ. ನೋಡಿ ಮೆಚ್ಚುವಂಥದ್ದೇನಲ್ಲ. ನನ್ನ ಗಂಡನ ಹಳೆಯ ಪ್ಯಾಂಟಿನ ಕಾಲುಗಳನ್ನು ಕತ್ತರಿಸಿ, ಹಾಸಿಗೆ ಸುತ್ತುವ ಹರಿದ ಹೋಲ್ಡಾಲಿನ ಪಟ್ಟಿಯನ್ನು ಹೆಗಲಿಗೆ ಜೋಡಿಸಿ, ನಾನೇ ಕೈಹೊಲಿಗೆ ಹಾಕಿದ್ದು.

ಈ ಊರಿನಲ್ಲಿ ಬರಿಗೈಯಲ್ಲಿ ಮನೆಯಿಂದ ಹೊರಡುವವರನ್ನು ನಾನು ಕಂಡದ್ದು ಕಡಿಮೆ. ಲೋಕಲ್ಲಿನಲ್ಲಿ ಪಕ್ಕದವಳ ಚೀಲ ನನ್ನ ಪಕ್ಕೆಗೆ ಒತ್ತಿದಾಗಲೆಲ್ಲ, ಬೈಯುವ ಬದಲು, ಒಳಗೇನಿದ್ದೀತೆಂದು ಊಹಿಸುತ್ತ ಹೊತ್ತು ಕಳೆಯುತ್ತೇನೆ. ಮಳೆಗೆ ಅಂಜುವವರು ಕೊಡೆ ಹಿಡಿಯುತ್ತಾರೆ, ಹಸಿವೆಗೆ ಅಂಜುವವರು ಡಬ್ಬಿ. ಯಾರ ಚೀಲ ಬಿಚ್ಚಿದರೂ ಮೊದಲು ಕೈಗೆ ಸಿಗುವುದು ಅವರವರ ಅಂಜಿಕೆಯೇ ಇರಬೇಕು. ನನ್ನ ತಮ್ಮ ಸುಧಾಕರ ಅಂಜುತ್ತಿದ್ದದ್ದು ಫಿಟ್ಸಿಗೆ.

ಅವನು ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತ. ನಮ್ಮ ಜೊತೆಯಲ್ಲೇ ಇದ್ದ. ಕಾಯಿಲೆ ಬಾಲ್ಯದಿಂದ ಅಂಟಿದ್ದು. ತಿಂಗಳುಗಟ್ಟಲೆ ಸುಮ್ಮನಿದ್ದು, ಮರೆತೆವು ಅನ್ನುವಷ್ಟರಲ್ಲಿ ಅವನನ್ನು ಎಲ್ಲೆಂದರಲ್ಲಿ ಕೆಡವುತ್ತಿತ್ತು. ಬಿದ್ದವನ ಸುತ್ತ ನೆರೆಯುವ ಜನರ ಉಪಕಾರವಂತೂ ಕಾಯಿಲೆಗಿಂತ ಒಂದು ಕೈ ಮೇಲು. ಒಬ್ಬ ಮೂಗಿಗೆ ಚಪ್ಪಲಿ ಹಿಡಿಯುತ್ತಾನೆ, ಇನ್ನೊಬ್ಬ ಸೆಟೆದ ಬಾಯಿಗೆ ನೀರು ಹೊಯ್ಯುತ್ತಾನೆ, ಉಳಿದವರು ಕುಡುಕನೆಂದು ಮೂಗು ಮುರಿದು ದಾಟಿ ಹೋಗುತ್ತಾರೆ. ಹೀಗಾಗಿ ನಾನು ಚೀಲ ಸಜ್ಜುಗೊಳಿಸಿದ್ದು ಅರ್ಧ ಕಾಯಿಲೆಗೆ, ಅರ್ಧ ಜನರಿಗೆ. ತಲೆಯಡಿಗೆ ಇಡಲು ಸವೆದ ಟವೆಲು. ನಶ್ಯದ ಡಬ್ಬಿಯಲ್ಲಿ ಮಾತ್ರೆ. ಬೀಗಗಳು ಕಳೆದುಹೋದ ಹಳೆಯ ಕೀಲಿಕೈಗಳ ಗೊಂಚಲು. ಕಬ್ಬಿಣ ಹಿಡಿಸಿದರೆ ಫಿಟ್ಸ್ ಇಳಿಯುತ್ತದೆಂದು ನಂಬುವವರೇ ಹೆಚ್ಚು. ಅವರಿಗೆ ಅದೊಂದು ಕೆಲಸ ಸಿಕ್ಕಿದರೆ ಚಪ್ಪಲಿ ಕಾಲಲ್ಲೇ ಉಳಿದೀತೆಂಬುದು ನನ್ನ ಲೆಕ್ಕಾಚಾರ. ಇವೆಲ್ಲಕ್ಕಿಂತ ಮುಖ್ಯವಾದದ್ದು ಚೀಲದ ಮುಂಬದಿಗೆ ಹೊಲಿದಿದ್ದ ಸ್ಟೀಲಿನ ಬಿಲ್ಲೆ. ಪಾತ್ರೆ ಅಂಗಡಿಯಲ್ಲಿ ಮದುವೆಯ ಉಡುಗೊರೆಗಳ ಮೇಲೆ ಹೆಸರು ಕೆತ್ತುವವನು ಗೊಣಗುತ್ತಲೇ ಅದರ ಮೇಲೆ ತಮ್ಮನ ಹೆಸರು, ನಮ್ಮ ವಿಳಾಸ, ಕೆಳಗೆ ಮರಾಠಿಯಲ್ಲಿ ನಾಲ್ಕು ಮಾತು ಕೆತ್ತಿಕೊಟ್ಟಿದ್ದ: ಕುಡಿದಿಲ್ಲ, ಫಿಟ್ಸ್ ಬಂದಿದೆ, ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ. ಆ ಬಿಲ್ಲೆ ಓದಿದ ಅಪರಿಚಿತರೊಬ್ಬರು ಒಮ್ಮೆ ಅವನನ್ನು ಕೈಹಿಡಿದು ನಮ್ಮ ಬಾಗಿಲವರೆಗೆ ತಂದು ಬಿಟ್ಟರು.

ನಮ್ಮವರಲ್ಲಿ ಮದುವೆಯ ವಿಷಯ ಬಂದರೆ ಸೋದರಮಾವನ ಮಾತೇ ಕೊನೆಯದು. ಫೋರ್ಟಿನ ಗಲ್ಲಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದ ನಮ್ಮ ಮಾವ ವಿಲೆ ಪಾರ್ಲೆಯಲ್ಲೊಂದು ಹುಡುಗಿಯನ್ನು ಗೊತ್ತುಮಾಡಿ, ಒಂದು ಭಾನುವಾರ ತಮ್ಮನನ್ನು ಕರೆದೊಯ್ಯಲು ಬಂದರು. ಇಸ್ತ್ರಿಯ ಅಂಗಿಯ ಮೇಲೆ ಖಾಕಿ ಚೀಲ ಕಂಡದ್ದೇ ಅವರ ಮುಖ ಗಂಟಿಕ್ಕಿತು.

"ಅದೆಂತ ಹೆಗಲಲ್ಲಿ? ತೆಗೆದಿಡು. ಅದರಲ್ಲಿ ಬರೆದದ್ದು ಓದಿದ್ರೆ ಅವರು ಕಾಫಿ ಸಹ ಕೊಡ್ಲಿಕ್ಕಿಲ್ಲ."

"ಬೇಡ ಮಾವ, ಅದು ಅವನ ಹತ್ರ ಇರ್ಲಿ. ಹೇಳಿಯೇ ಮದುವೆ ಮಾಡುವ," ಎಂದೆ ನಾನು.

"ಮದುವೆ ಒಂದು ಆದ್ರೆ ಎಲ್ಲ ಗುಣ ಆಗ್ತದೆ. ನಿಂಗೆ ಅದೆಲ್ಲ ಗೊತ್ತಾಗುದಿಲ್ಲ."

ತಮ್ಮ ನಮ್ಮಿಬ್ಬರ ಮುಖ ನೋಡಿದ. "ಒಂದು ದಿನ ಅಲ್ವಾ ಅಕ್ಕ," ಎಂದು ಚೀಲವನ್ನು ಮೊಳೆಗೆ ತೂಗುಹಾಕಿ ಹೊರಟ. ಮಗುವಿಗೆ ಜ್ವರವಿದ್ದುದರಿಂದ ನಾನು ಹೋಗಲಿಲ್ಲ.

ಹುಡುಗಿ ನೋಡುವ ಶಾಸ್ತ್ರ ಚೆನ್ನಾಗಿಯೇ ಮುಗಿಯಿತಂತೆ. ಪಾರ್ಲೆ ಸ್ಟೇಷನ್ನಿನಲ್ಲಿ ಮಾವ ಚರ್ಚ್‌ಗೇಟಿನ ಗಾಡಿ ಹತ್ತಿದರು. ತಮ್ಮ ಈ ಕಡೆಯ ಗಾಡಿಗೆ ಕಾಯುತ್ತ ನಿಂತ, ನಿಂತಲ್ಲೇ ಬಿದ್ದ. ಪ್ಲಾಟ್‌ಫಾರ್ಮಿನ ಚಹಾದವನು ಆಮೇಲೆ ನಮಗೆ ಹೇಳಿದ್ದಿಷ್ಟು: ಕುಡುಕನೆಂದುಕೊಂಡು ಬೆಂಚಿನ ಮೇಲೆ ಅಂಗಾತ ಮಲಗಿಸಿದರು, ಯಾರೋ ಪಾಪ ಬಾಯಿಗೆ ನೀರು ಬಿಟ್ಟರು. ಜೇಬಿನಲ್ಲಿ ಟಿಕೆಟು, ಕರವಸ್ತ್ರ ಬಿಟ್ಟರೆ ಅವನು ಯಾರೆಂದು ಹೇಳುವಂಥದ್ದು ಏನೂ ಇರಲಿಲ್ಲ. ನನ್ನ ಗಂಡ ಹುಡುಕಿ ಹುಡುಕಿ ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಶವಾಗಾರದಲ್ಲಿ, ವಾರಸುದಾರರಿಲ್ಲದ ಹೆಣಗಳ ನಡುವೆ, ಅವನನ್ನು ಗುರುತಿಸಿದರು. ನೀರು ಬಿಟ್ಟ ಕೈಯ ಮೇಲೆ ನನಗೆ ಸಿಟ್ಟಿಲ್ಲ. ಮಾವನ ಮೇಲೆ ಇತ್ತು. ಈಗಲೂ ಪೂರ್ತಿ ಆರಿಲ್ಲ.

ಹುಡುಗಿಯ ತಂದೆ ಏನೂ ತಿಳಿಯದೆ, ಹೆಣ ಸಿಕ್ಕಿದ ದಿನವೇ ಪೇಡೆಯ ಪೊಟ್ಟಣ ಹಿಡಿದು, ಒಪ್ಪಿಗೆ ಹೇಳಲು ನಮ್ಮ ಚಾಳಿನ ಮೆಟ್ಟಿಲು ಹತ್ತಿದರು. ಅಳುತ್ತಿದ್ದ ಜನರ ನಡುವೆ ಪೊಟ್ಟಣವನ್ನು ಎಲ್ಲಿಡುವುದೆಂದು ತೋಚದೆ ನಿಂತವರ ಕಣ್ಣು ಮೊಳೆಯ ಕಡೆ ಹೋಯಿತು. ಬಿಲ್ಲೆಯನ್ನು ಕೊನೆಯವರೆಗೂ ಓದಿ, "ಇದನ್ನು ಹಾಕ್ಕೊಂಡೇ ಬರ್ಬಹುದಿತ್ತು," ಎಂದರು. ಆ ಮಾತನ್ನು ನಾನು ವರ್ಷಗಳಿಂದ ಮಗುಚಿ ಹಾಕುತ್ತಿದ್ದೇನೆ. ಅವನು ಬದುಕಿ ಬಂದಿದ್ದರೂ ಹಾಗೇ ಅನ್ನುತ್ತಿದ್ದರೇ, ನೀವೇ ಹೇಳಿ. ಸತ್ತವನಿಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಕಳೆದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಕಾಲು ತಕ್ಕಮಟ್ಟಿಗೆ ಸರಿಹೋದರೂ ಅದರ ಬೆನ್ನಿಗೇ ಅವರಿಗೂ ಫಿಟ್ಸ್ ಶುರುವಾಯಿತು. ಅತ್ತೆ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿಲ್ಲ. ಮೊನ್ನೆ ಬಂದವರು ಚಹಾದ ಬಟ್ಟಲನ್ನು ಬದಿಗೆ ಸರಿಸಿ, "ನಂಗೂ ಒಂದು ಚೀಲ ಹೊಲಿದು ಕೊಡ್ತಿಯಾ?" ಎಂದರು.

ನಾನು ಹೊಲಿಯಲಿಲ್ಲ. ಮೊಳೆಯಿಂದ ಅದೇ ಚೀಲ ತೆಗೆದು, ಧೂಳು ಕೊಡವಿ, ಒಗೆದ ಟವೆಲು ಇಟ್ಟು ಅವರ ಹೆಗಲಿಗೆ ಹಾಕಿದೆ. ಕರುಣೆಯಿಂದಲೋ ಹಗೆಯಿಂದಲೋ ನನಗೇ ತಿಳಿಯದು. ಅವರು ಬಿಲ್ಲೆಯ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಹೆಸರು ಬೇರೆ ಕೆತ್ತಿಸಿ ಕೊಡ್ತೇನೆ ಮಾವ."

"ಬೇಡ. ಅವನದೇ ಇರ್ಲಿ. ಬಿದ್ರೆ ಇಲ್ಲಿಗೇ ತರ್ತಾರಲ್ಲ."

ಈಗ ಮೊಳೆ ಖಾಲಿಯಿದೆ. ಬಾಗಿಲು ತಟ್ಟಿದ ಸದ್ದಾದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಕಡೆಗೆ. ಯಾವತ್ತಾದರೊಂದು ದಿನ ಯಾರೋ ಅಪರಿಚಿತರು ಬಂದು, ಸುಧಾಕರನ ಮನೆ ಇದೇನಾ ಎಂದು ಕೇಳಿಯಾರು. ನಾನು ಹೌದು ಅನ್ನಬೇಕು.