ದೊಡ್ಡವ್ವ ತೊಳೆದಿಟ್ಟ ಗಡಿಗೆ

ಆಳಂದದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಗಾಜಿನ ಬಾಟಲಿ ಇದೆ. ಮುಚ್ಚಳ ತೆಗೆದರೆ ಮಜ್ಜಿಗೆಯದೂ ಅಲ್ಲದ, ಕಳಿತ ಹಣ್ಣಿನದೂ ಅಲ್ಲದ ಒಂದು ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ನನ್ನ ಮಗಳು ಸುಮಾ ಮೊಬೈಲಿನಲ್ಲಿ ನೋಡಿಕೊಂಡು ಗೋಧಿಹಿಟ್ಟಿಗೆ ನೀರು ಕಲಸಿ, ದಿನಾ ಒಂದು ಚಮಚ ಹೊಸ ಹಿಟ್ಟು ಹಾಕಿ, ಎರಡು ವಾರ ಕಾದು ಹುಳಿ ಬರಿಸಿದ ಹಿಟ್ಟು ಅದು. ರವಿವಾರ ಬೆಳಿಗ್ಗೆ ಅದರಿಂದ ವಾಫಲ್ ಮಾಡುತ್ತಾಳೆ. ಕರೆಂಟಿನ ಯಂತ್ರದ ಎರಡು ಹಂಚುಗಳ ನಡುವೆ ಹಿಟ್ಟು ಒತ್ತಿದರೆ ಚೌಕ ಚೌಕ ಗುಳಿಗಳ ಕೆಂಪನೆಯ ತಿಂಡಿ ಎದ್ದು ಬರುತ್ತದೆ. ಅವಳು ಜೇನುತುಪ್ಪ ಸುರಿದುಕೊಳ್ಳುತ್ತಾಳೆ, ನನ್ನ ಗಂಡ ಶೇಂಗಾ ಚಟ್ನಿಯಲ್ಲಿ ಅದ್ದಿ ತಿನ್ನುತ್ತಾರೆ. ಕಳೆದ ರವಿವಾರ ತಿಂಡಿ ಮುಗಿದ ಮೇಲೆ ಅವಳು ಬಾಟಲಿ ಎತ್ತಿಕೊಂಡು ನಲ್ಲಿಯ ಕಡೆ ಹೋದಳು. "ಖಾಲಿ ಆತವ್ವಾ, ತೊಳೆದಿಡ್ತೇನಿ" ಅಂದಳು. ನಾನು "ತೊಳಿಬ್ಯಾಡ!" ಎಂದು ಕಿರುಚಿದ ರಭಸಕ್ಕೆ ಗಂಡ ಪೇಪರು ಕೆಳಗಿಟ್ಟರು. ಬಾಟಲಿಯ ತಳದಲ್ಲಿ ಇನ್ನೂ ಒಂದು ಚಮಚದಷ್ಟು ಹಿಟ್ಟಿತ್ತು. ಅವಳ ಕೈಯಿಂದ ಕಸಿದುಕೊಂಡೆ. "ಒಂದ್ ಬಾಟ್ಲಿಗೆ ಇಷ್ಟ್ಯಾಕ ಸಿಟ್ಟವ್ವಾ?" ಅಂದಳು ಮಗಳು. ನಾನು ಬಾಟಲಿಯನ್ನು ಮತ್ತೆ ಕಟ್ಟೆಯ ಮೇಲಿಟ್ಟೆ. ಯಾಕೆ ಅನ್ನುವುದನ್ನು ಈಗ ಹೇಳುತ್ತೇನೆ.

ಸಿಟ್ಟು ಆ ಬೆಳಿಗ್ಗೆಯೇ ಶುರುವಾಗಿತ್ತು. ಏಳುತ್ತಲೇ ಮೊಬೈಲು ನೋಡಿದರೆ ನಮ್ಮ ಮನೆತನದವರ ಗುಂಪಿನಲ್ಲಿ ಕಾಕಾನ ಮಗ ಆಯಿಯ, ಅಂದರೆ ನಮ್ಮ ಅಪ್ಪನ ತಾಯಿಯ, ಹಳೆಯ ಫೋಟೋ ಹಾಕಿದ್ದ. ಕೆಳಗೆ "ಆಯಿಯ ಕೈಯ ಪಡ್ಡು, ಆ ರುಚಿ ಮತ್ತೆ ಬಾರದು" ಎಂದು ಬರೆದು ಕೈಮುಗಿದಿದ್ದ. ಒಬ್ಬರ ಹಿಂದೊಬ್ಬರು ಹೌದೌದು ಅಂದರು. ಒಬ್ಬಳಿಗೆ ಕಣ್ಣೀರೇ ಬಂತಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಆಯಿ ತನ್ನ ಜನ್ಮದಲ್ಲಿ ಆ ಹಿಟ್ಟಿಗೆ ಕೈ ಹಾಕಿದ್ದನ್ನು ನಾನು ನೋಡಿಲ್ಲ. ಅಫಜಲಪುರದ ಆ ಮನೆಯಲ್ಲಿ ದಿನ ಬಿಟ್ಟು ದಿನ ಹನ್ನೆರಡು ಮಂದಿಗೆ ಪಡ್ಡು ಬೇಯಿಸಿದವಳು ನಮ್ಮ ದೊಡ್ಡವ್ವ, ಗಂಗವ್ವ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ, ಅವಳಿಗೆ ಮಕ್ಕಳಿರಲಿಲ್ಲ. ಅವಳ ಒಂದು ಫೋಟೋ ಕೂಡ ನಮ್ಮ ಯಾರ ಹತ್ತಿರವೂ ಇಲ್ಲ. ಫೋಟೋ ತೆಗೆಯುವಾಗೆಲ್ಲ ಅವಳು ಒಲೆಯ ಮುಂದೆ ಇರುತ್ತಿದ್ದಳು.

ಆ ಅಡುಗೆಮನೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾಲಿಗೆ ತಣ್ಣಗೆ ತಾಗುವ ಪರಸಿ ಕಲ್ಲಿನ ನೆಲ, ಹೊಗೆಗೆ ಕಪ್ಪಾದ ತೊಲೆಗಳು, ಮೂಲೆಯಲ್ಲಿ ಒರಳು, ಒಲೆಯ ಪಕ್ಕ ತೊಗರಿಕಟ್ಟಿಗೆಯ ರಾಶಿ. ತೊಗರಿಕಟ್ಟಿಗೆ ಚಟಚಟ ಎಂದು ಬೇಗ ಹತ್ತಿ ಬೇಗ ಆರುತ್ತದೆ, ಅದಕ್ಕೇ ದೊಡ್ಡವ್ವನ ಒಂದು ಕೈ ಯಾವಾಗಲೂ ಒಲೆಗೆ ಕಟ್ಟಿಗೆ ನೂಕುತ್ತಲೇ ಇರುತ್ತಿತ್ತು. ಇನ್ನೊಂದು ಕೈ ಕಬ್ಬಿಣದ ಹಂಚಿನ ಒಂಬತ್ತು ಗುಳಿಗಳಿಗೆ ಎಣ್ಣೆ ಬಿಟ್ಟು, ಹಿಟ್ಟು ಸುರಿದು, ತುದಿ ಮೊಂಡಾದ ಒಂದು ಕಡ್ಡಿಯಿಂದ ಪಡ್ಡುಗಳನ್ನು ತಿರುವಿಹಾಕುತ್ತಿತ್ತು. ಸುಯ್ ಅನ್ನುವ ಸದ್ದಿಗೆ, ಸೀಯುವ ಈರುಳ್ಳಿಯ ವಾಸನೆಗೆ ನಾವು ಮಕ್ಕಳು ಹಾಸಿಗೆಯಿಂದ ನೇರ ಅಲ್ಲಿಗೆ ಓಡುತ್ತಿದ್ದೆವು. ಅಕ್ಕಿ, ಉದ್ದಿನಬೇಳೆ, ಒಂದು ಹಿಡಿ ಜೋಳ ನೆನೆಸಿ ರುಬ್ಬಿದ ಹಿಟ್ಟು ಮಣ್ಣಿನ ಗಡಿಗೆಯಲ್ಲಿ ಇರುತ್ತಿತ್ತು. ಆ ಗಡಿಗೆಯನ್ನು ದೊಡ್ಡವ್ವ ಎಂದೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ತಳದಲ್ಲಿ ಒಂದು ಹಿಡಿ ಹಳೇ ಹಿಟ್ಟು ಉಳಿಸಿ ಅದರ ಮೇಲೇ ಹೊಸದು ರುಬ್ಬಿ ಹಾಕುತ್ತಿದ್ದಳು. ನಾವು ಬೆರಳಿನಿಂದ ಬಳಿಯಲು ಹೋದರೆ "ಏ ಬೇ, ಪೂರಾ ಬಳೀಬಾರದು" ಎಂದು ಕೈಗೆ ಮೆಲ್ಲಗೆ ಹೊಡೆಯುತ್ತಿದ್ದಳು. ಹಿಟ್ಟು ಹುದುಗಿದೆಯೋ ಇಲ್ಲವೋ ಎಂದು ಅವಳು ಮುಚ್ಚಳ ತೆಗೆದು ನೋಡಿದ್ದೇ ಇಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದರೆ ಅವಳಿಗೆ ಗೊತ್ತಾಗುತ್ತಿತ್ತು.

ಆ ಹಳೇ ಹಿಟ್ಟು ನಮ್ಮ ಮನೆಯದಲ್ಲ. ಮದುವೆಯಾಗಿ ಬರುವಾಗ ದೊಡ್ಡವ್ವ ತನ್ನ ತವರು ಮಣ್ಣೂರಿನಿಂದ ಅದನ್ನು ಕಲಾಯಿ ಹಾಕಿಸಿದ ಒಂದು ಹಿತ್ತಾಳೆ ಬಟ್ಟಲಲ್ಲಿ, ಮೇಲೆ ಒದ್ದೆ ಬಟ್ಟೆ ಕಟ್ಟಿ ತಂದಿದ್ದಳು. ಅವರ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ಹಾಗೆ ಒಯ್ಯುವ ಪದ್ಧತಿಯಂತೆ. ನನಗೆ ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಬಿಗುಮಾನ ಇರುತ್ತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಇದು ನನ್ನದು ಎಂದು ಅವಳು ಹೇಳಬಹುದಾಗಿದ್ದು ಅದೊಂದೇ. ಆದರೆ ಬಂದ ನೆಂಟರು ಪಡಸಾಲೆಯಲ್ಲಿ ಕೂತು ಎರಡೆರಡು ತಟ್ಟೆ ತಿಂದು "ಆಯಿ, ನಿಮ್ ಕೈರುಚಿ ಎಲ್ಲೂ ಸಿಗೂದಿಲ್ ನೋಡ್ರಿ" ಅನ್ನುತ್ತಿದ್ದರು. ಆಯಿ ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು. ಇಲ್ಲ, ಅದು ಸೊಸೆ ಮಾಡಿದ್ದು ಎಂದು ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಒಳಗೆ ದೊಡ್ಡವ್ವ ಎಲ್ಲರದೂ ಆದ ಮೇಲೆ ಒಡೆದವು, ಕರಕಾದವು ಕೂಡಿಸಿಕೊಂಡು ನಿಂತೇ ತಿನ್ನುತ್ತಿದ್ದಳು. ಅವಳು ಬಿಸಿ ಪಡ್ಡು ತಿಂದದ್ದು ನನಗೆ ನೆನಪಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬೇಕು, ನೆನಪು ಮಾಡಿಕೊಳ್ಳಿ.

ನಾನು ನಾಲ್ಕನೇ ಇಯತ್ತೆ ಓದುತ್ತಿದ್ದಾಗ ಮನೆ ಪಾಲಾಯಿತು. ಅಪ್ಪ ಜೇವರ್ಗಿಗೆ ಹೋಗುವುದು, ಅಪ್ಪನ ತಮ್ಮ ಕಾಕಾ ಅಲ್ಲೇ ಇರುವುದು ಎಂದಾಗಿತ್ತು. ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು, ನಾನು ಕಂಬ ಹಿಡಿದು ನಿಂತಿದ್ದೆ. ಯಾರೋ ಒಬ್ಬರು ಗಂಗವ್ವನ ಪಾಲು ಏನು ಎಂದು ಕೇಳಿದರು. ಆಯಿಯೇ ಉತ್ತರ ಕೊಟ್ಟಳು: "ಆಕಿಗೇನ್ ಮಕ್ಕಳಾ ಮರಿಯಾ? ಆಕಿಗ್ಯಾಕ ಹಿಸ್ಸಾ? ಆರ್ ತಿಂಗಳ ಅಲ್ಲಿ, ಆರ್ ತಿಂಗಳ ಇಲ್ಲಿ ಇರ್ತಾಳ." ಕಾಕಾ ನೆಲ ನೋಡಿದ. ದಿನಾ ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿಕೊಂಡು, ಹೆಣ್ಣು ಗಂಡು ಎಲ್ಲ ಒಂದೇ ಎಂದು ನಮಗೆ ಪಾಠ ಹೇಳುತ್ತಿದ್ದ ನನ್ನ ಅಪ್ಪನೂ ನೆಲ ನೋಡಿದ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಆ ನೋಟಕ್ಕೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ. ದೊಡ್ಡವ್ವ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಗಡಿಗೆಯಲ್ಲಿದ್ದ ಹಿಟ್ಟನ್ನೆಲ್ಲ ಪಡ್ಡು ಮಾಡಿ ಎಲ್ಲರಿಗೂ ಬಡಿಸಿದಳು. ಆಮೇಲೆ ಗಡಿಗೆಯನ್ನು ಅಂಗಳಕ್ಕೆ ಒಯ್ದು, ಎಲ್ಲರ ಎದುರು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. "ಎಷ್ಟ್ ಸೊಕ್ಕ್ ನೋಡ ಆಕಿಗಿ" ಅಂದಳು ಆಯಿ.

ತೊಳೆಯುವ ಮೊದಲು ದೊಡ್ಡವ್ವ ಒಂದು ಹಿಡಿ ಹಿಟ್ಟು ತೆಗೆದಿಟ್ಟಿದ್ದು ನನಗೊಬ್ಬಳಿಗೇ ಗೊತ್ತು. ಮಣ್ಣೂರಿನಿಂದ ತಂದಿದ್ದ ಅದೇ ಹಿತ್ತಾಳೆ ಬಟ್ಟಲಿಗೆ ಹಾಕಿ, ಒದ್ದೆ ಬಟ್ಟೆ ಕಟ್ಟಿ ನನ್ನ ಕೈಗಿಟ್ಟಳು. "ದಿನಾ ಒಂದ್ ಚಮಚ ಹಿಟ್ಟ ಹಾಕು, ಸಾಯಗೊಡಬ್ಯಾಡ. ಇದು ಈ ಮನೀದಲ್ಲ, ನಂದು. ಇನ್ನ ಮ್ಯಾಲ ನಿಂದು" ಅಂದಳು. ನಾನು ಬಸ್ಸಿನಲ್ಲಿ ಜೇವರ್ಗಿಯವರೆಗೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಹೊಸ ಮನೆಯ ಗೂಡಿನಲ್ಲಿ ಇಟ್ಟು ನಾಲ್ಕು ದಿನ ಹಿಟ್ಟು ಹಾಕಿದೆ. ಐದನೇ ದಿನ ಹೊಸ ಸಾಲೆ, ಹೊಸ ಗೆಳತಿಯರು, ಕುಂಟಾಬಿಲ್ಲೆ. ಮತ್ತೆ ನೆನಪಾಗಿ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ಯಾರಿಗೂ ಹೇಳಲಿಲ್ಲ. ಹಿತ್ತಲ ಗಟಾರಕ್ಕೆ ಸುರಿದೆ, ಬಟ್ಟಲು ತೊಳೆದು ಉಳಿದ ಪಾತ್ರೆಗಳ ಜೊತೆ ಗೋಡೆಯ ಮಾಡದಲ್ಲಿಟ್ಟೆ. ಆಯಿಯ ಮೇಲೆ, ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನಗೆ ಸಲೀಸು. ಆದರೆ ಅವರು ಯಾರೂ ಆ ಹಿಟ್ಟು ಕೊಲ್ಲಲಿಲ್ಲ, ಕೊಂದವಳು ನಾನು.

ಕಳೆದ ರವಿವಾರ ಗುಂಪಿನಲ್ಲಿ ಬರೆದೆ: ಆ ಪಡ್ಡು ಆಯಿಯದಲ್ಲ, ಗಂಗವ್ವ ದೊಡ್ಡವ್ವನದು, ಹಿಟ್ಟೂ ಅವಳದೇ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಶುಭೋದಯದ ಹೂವಿನ ಚಿತ್ರ ಹಾಕಿದರು, ಮಾತು ಅಲ್ಲಿಗೆ ಮುಗಿಯಿತು. ನಾನು ಬಾಟಲಿಗೆ ಒಂದು ಚಮಚ ಹಿಟ್ಟು ಹಾಕಿ ಕಲಸಿ ಮುಚ್ಚಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದು ಗುಳ್ಳೆ ಎಬ್ಬಿಸಿಕೊಂಡು ಮೇಲೆ ಬಂತು. ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆ, ಕೊನೆಯದೊಂದನ್ನು ಬಿಟ್ಟು.

ಕಾಕಾನ ಮನೆಯ ಆರು ತಿಂಗಳು ಮುಗಿಸಿ ದೊಡ್ಡವ್ವ ಒಂದು ಬಟ್ಟೆಗಂಟಿನೊಂದಿಗೆ ಜೇವರ್ಗಿಗೆ ಬಂದಳು. ನನ್ನ ಅವ್ವ ಚಹಾ ಮಾಡಿ, ಏನೂ ಗೊತ್ತಿಲ್ಲದೆ, ಕೈಗೆ ಸಿಕ್ಕ ಆ ಹಿತ್ತಾಳೆ ಬಟ್ಟಲಲ್ಲೇ ಕೊಟ್ಟಳು. ದೊಡ್ಡವ್ವ ಬಟ್ಟಲನ್ನು ತಿರುಗಿಸಿ ನೋಡಿದಳು, ಚಹಾ ಪೂರ್ತಿ ಕುಡಿದಳು. ಅವ್ವ ಹೊರಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು "ಹಿಟ್ಟ ಛಂದ ಅದ ಏನವ್ವಾ?" ಎಂದು ಕೇಳಿದಳು. "ಅದ ದೊಡ್ಡವ್ವಾ, ಬ್ಯಾರೆ ಡಬ್ಬ್ಯಾಗ ಹಾಕಿಟ್ಟೇನಿ" ಅಂದೆ. ಖಾಲಿ ಬಟ್ಟಲು ಇನ್ನೂ ಅವಳ ಕೈಯಲ್ಲಿತ್ತು. "ಛಲೋ ಮಾಡ್ದಿ" ಎಂದು ನನ್ನ ತಲೆ ನೇವರಿಸಿದಳು. ಮರುದಿನದಿಂದ ನಮ್ಮ ಅಡುಗೆಮನೆಯೂ ಅವಳದೇ ಆಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಇರುತ್ತಿದ್ದಳು, ಬಾಗಿಲಲ್ಲಿ ನಿಂತೇ ಹುಳಿಯ ವಾಸನೆ ಹಿಡಿಯುತ್ತಿದ್ದ ಹೆಂಗಸು. ಆರು ತಿಂಗಳಲ್ಲಿ ಒಮ್ಮೆಯೂ ಆ ಡಬ್ಬಿ ತೋರಿಸು ಎಂದು ಅವಳು ಕೇಳಲಿಲ್ಲ.